ಹಸಿರೆಲ್ಲವೂ ಕಾಡಲ್ಲ

ನೆಟ್ಟ ಗಿಡಗಳ ಲೆಕ್ಕವನ್ನೇ ಬೆಳೆದ ಕಾಡಿನ ಲೆಕ್ಕವೆಂದು ಒಪ್ಪಿಸುವುದು ಘಟ್ಟಕ್ಕೆ ಹೊಸದಲ್ಲ. ಈ ಲೆಕ್ಕ ಸುಳ್ಳೆಂದು ಸಾರುವ ಸಾಕ್ಷಿ ಸುಮಾರು 15 ಸೆಂಟಿಮೀಟರ್ ಉದ್ದದ ಒಂದು ಹಕ್ಕಿ: ನೀಲಗಿರಿ ಶೋಲಾಕಿಳಿ.

ಬೂದುನೀಲಿ ಬೆನ್ನು, ಕಂದುಗೆಂಪು ಪಕ್ಕೆ, ಬಿಳಿಯ ಹೊಟ್ಟೆಯ ಈ ಹಕ್ಕಿ ಪಾಲಕ್ಕಾಡ್ ಕಣಿವೆಯ ಉತ್ತರಕ್ಕೆ, ಬಾಬಾಬುಡನ್‌ಗಿರಿಯಿಂದ ಬ್ರಹ್ಮಗಿರಿ, ನೀಲಗಿರಿಗಳವರೆಗಿನ ಎತ್ತರದ ಶೋಲಾ ಕಾಡುಗಳಲ್ಲಿ ಮಾತ್ರ ಬದುಕಿದೆ. ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲ. 2017ರಲ್ಲಿ ವಿಜ್ಞಾನಿಗಳು ಇದನ್ನೂ ದಕ್ಷಿಣದ ಇದರ ಬಂಧುಗಳನ್ನೂ ‘ಶೋಲಿಕೋಲಾ’ ಎಂಬ ಪ್ರತ್ಯೇಕ ಕುಲಕ್ಕೆ ಸೇರಿಸಿದರು. ಕಾಡಿನ ಹೆಸರೇ ಹಕ್ಕಿಯ ಹೆಸರಾಯಿತು. ಅಳಿವಿನಂಚಿನ ಜೀವಿಗಳ ಪಟ್ಟಿಯಲ್ಲಿಯೂ ಅದರ ಹೆಸರಿದೆ.

ಶೋಲಾಕಿಳಿ ವಲಸೆ ಹೋಗುವುದಿಲ್ಲ. ತೇವ ತುಂಬಿದ ನೆರಳಿನಲ್ಲಿ, ನೆಲಕ್ಕೆ ಹತ್ತಿರವಾಗಿ, ತರಗೆಲೆಗಳ ನಡುವಿನ ಹುಳಹುಪ್ಪಟೆಗಳನ್ನು ಹೆಕ್ಕುತ್ತದೆ. ದರೆಯ ಪೊಟರೆಯಲ್ಲೋ ಮರದ ಬಿಲದಲ್ಲೋ ಪಾಚಿಯ ಗೂಡು ಕಟ್ಟಿ ಎರಡು ಮೊಟ್ಟೆಯಿಡುತ್ತದೆ. ಹೀಗೆ ಬದುಕುವ ಜೀವಿಗೆ ನೀಲಗಿರಿ ತೋಪು, ವ್ಯಾಟಲ್ ನೆಡುತೋಪು, ಚಹಾ ತೋಟಗಳು ಕಾಡಾಗುವುದೆಂತು? ಶೋಲಾದ ಸುತ್ತಲಿನ ಹುಲ್ಲುಗಾವಲನ್ನು ‘ಪಾಳು’ ಎಂದು ಕರೆದು ಅವನ್ನು ನೆಟ್ಟವರು ಕಾಡನ್ನು ಬೆಳೆಸಲಿಲ್ಲ. ಕಾಡಿನ ತುಣುಕುಗಳನ್ನು ಒಂದರಿಂದೊಂದು ಬೇರ್ಪಡಿಸಿದರು. ಅಣ್ಣಾಮಲೈ, ಪಳನಿ ಬೆಟ್ಟಗಳಲ್ಲಿ ಇದರ ಬಂಧು ಹಕ್ಕಿಯ ವಂಶವಾಹಿಗಳಲ್ಲೇ ಈ ಒಡಕಿನ ಗುರುತು ಮೂಡಿದೆಯೆಂದು 2015ರ ಅಧ್ಯಯನ ತೋರಿಸಿತು.

‘ಒಂದು ಹಕ್ಕಿಗಾಗಿ ಜನರ ಬದುಕು ನಿಲ್ಲಬೇಕೆ?’ ಎಂದು ಕೇಳುವವರಿದ್ದಾರೆ. ಪ್ರಶ್ನೆಯೇ ತಪ್ಪು. ಹಕ್ಕಿಗೆ ಉಣಿಸುವ ಆ ತರಗೆಲೆಯ ಹಾಸೇ ಮಳೆನೀರನ್ನು ಹೀರಿ ನೆಲಕ್ಕಿಳಿಸಿ, ಬೇಸಿಗೆಯಲ್ಲಿ ಹಳ್ಳವನ್ನು ಹರಿಸುತ್ತದೆ. ಹಳ್ಳ ಬತ್ತಿದರೆ ಮೊದಲು ಬಾಯಾರುವವರು ಬೆಟ್ಟದ ತಪ್ಪಲಿನ ರೈತರೇ ಹೊರತು ವಾರಾಂತ್ಯಕ್ಕೆ ಬಂದುಹೋಗುವ ರೆಸಾರ್ಟ್ ಅತಿಥಿಗಳಲ್ಲ.

2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ಒಕ್ಕಲೆಬ್ಬಿಸುವರೆಂಬ ಜನರ ಭಯ ಹುಸಿಯಲ್ಲ. ಆ ಭಯವನ್ನು ಮುಂದಿಟ್ಟು ಗುಡ್ಡ ಅಗೆಯುವವರಿಗೆ ದಾರಿ ಬಿಡುವುದು ಮಾತ್ರ ವಂಚನೆ. ದೂರದ ಕಚೇರಿಯ ನಕ್ಷೆ ಬೇಡವೆನ್ನುವವರಿಗೆ ಊರಿನ ನಕ್ಷೆ ಬರೆಯುವ ಹೊಣೆಯಿದೆ. 2006ರ ಅರಣ್ಯ ಹಕ್ಕು ಕಾಯ್ದೆಯ 5ನೆಯ ಕಲಮು ವನ್ಯಜೀವಿ, ಕಾಡು, ಜಲಾನಯನಗಳನ್ನು ರಕ್ಷಿಸುವ ಅಧಿಕಾರವನ್ನು ಹಕ್ಕುದಾರರಿಗೂ ಗ್ರಾಮಸಭೆಗೂ ಕೊಟ್ಟಿದೆ. ಉಳಿದಿರುವ ಪ್ರತಿಯೊಂದು ಶೋಲಾ ತುಣುಕನ್ನೂ ಅದರ ಹುಲ್ಲುಗಾವಲಿನೊಡನೆ ಗುರುತಿಸಿ, ಗ್ರಾಮಸಭೆಯಲ್ಲಿ ನಿರ್ಣಯಿಸಿ ಕಾಯುವುದೇ ಈಗ ಆಗಬೇಕಾದ ಕೆಲಸ. ಕಳೆದುಹೋದ ಶೋಲಾವನ್ನು ಯಾವ ವನಮಹೋತ್ಸವವೂ ಮರಳಿ ತರಲಾರದು.