ಓದಲಾಗದ ಕಾಗದಕ್ಕೆ ಸಹಿ ಏಕೆ?

ಕನ್ನಡದ ತರುಣರೇ, ನೌಬಾದಿನಲ್ಲೋ ಮೈಲೂರಿನಲ್ಲೋ ಖೋಲಿ ಹಿಡಿಯುವ ಮುಂಚೆ ನೀವು ನಳ ತಿರುಗಿಸಿ ನೋಡುತ್ತೀರಿ, ಕಿಟಕಿ ತೆಗೆದು ನೋಡುತ್ತೀರಿ, ಕಿರಾಯಿಗಾಗಿ ಅರ್ಧ ತಾಸು ಚೌಕಾಸಿ ಮಾಡುತ್ತೀರಿ. ಕರಾರು ಪತ್ರ ಮುಂದೆ ಬಂದಾಗ ಮಾತ್ರ ಒಂದೇ ಮಾತು: "ಸಹಿ ಎಲ್ಲಿ ಮಾಡಲಿ?"

ನಾನು ಬೀದರಿನಲ್ಲಿ ಪ್ರೆಸ್ಸು ನಡೆಸುವವ. ಪಿಯುಸಿ ಓದಿದವ, ವಕೀಲನಲ್ಲ. ತಪ್ಪೊಪ್ಪಿಗೆ ಮೊದಲೇ ಹೇಳಿಬಿಡುತ್ತೇನೆ. ಬೆಂಗಳೂರಿನಿಂದ ಯಾರೋ ತಂದುಕೊಟ್ಟ ಇಂಗ್ಲಿಷ್ ಮಾದರಿಯನ್ನು ವರ್ಷಗಟ್ಟಲೆ ಅಚ್ಚು ಹಾಕಿ ಮಾರಿದ್ದೇನೆ. ಅದರಲ್ಲಿ ಏನಿದೆಯೆಂದು ನಾನೂ ಪೂರ್ತಿ ಓದಿರಲಿಲ್ಲ.

ಒಮ್ಮೆ ಔರಾದ್ ಕಡೆಯ ಹುಡುಗನೊಬ್ಬ, ಭಾಲ್ಕಿಯಲ್ಲಿ ಅವನಿಗೆ ಮನೆ ಕೊಡುವ ಮಾಲಕರು, ಇಬ್ಬರೂ ಅಂಗಡಿಗೆ ಬಂದರು. ಹುಡುಗನ ಮನೆಮಾತು ಕನ್ನಡ, ಮಾಲಕರದು ಮರಾಠಿ. ನಡುವೆ ಇದ್ದ ಕಾಗದ ಇಂಗ್ಲಿಷಿನದು! "ಅಣ್ಣಾ, ಇದರಾಗ ಏನದ, ಓದಿ ಹೇಳ್ರಿ" ಎಂದ ಹುಡುಗ. ತಡವರಿಸುತ್ತ ಓದಿದೆ. ಕಿರಾಯಿ ಏಳು ದಿನ ತಡವಾದರೆ ಮಾಲಕ ಬೀಗ ಒಡೆದು ಸಾಮಾನು ಹೊರಗೆ ಹಾಕಬಹುದು ಎಂದಿತ್ತು. ಹುಡುಗನಿಗಿಂತ ಮಾಲಕರೇ ಗಾಬರಿಯಾದರು. "ನಾ ಇಂಥಾದು ಬರೀರಿ ಅಂತ ಹೇಳೇ ಇಲ್ಲ!"

ಇಬ್ಬರಿಗೂ ತಿಳಿಯದ ಕಾಗದ ಇಬ್ಬರನ್ನೂ ಕಟ್ಟಿಹಾಕುವುದಾದರೆ ಅದು ಯಾರ ಕರಾರು? 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿ ನಮ್ಮ ಅಜ್ಜಂದಿರು ಉರ್ದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರು. ಅವರಿಗೆ ಬೇರೆ ದಾರಿ ಇರಲಿಲ್ಲ. ನಮಗೇನು ಧಾಡಿ?

ಬ್ರಿಟಿಷರ ಕಾಲದ 1908ರ ನೋಂದಣಿ ಕಾಯಿದೆಯನ್ನೇ ನೋಡಿ. ನೋಂದಣಿ ಅಧಿಕಾರಿಗೆ ತಿಳಿಯದ, ಜಿಲ್ಲೆಯಲ್ಲಿ ಬಳಕೆಯಿಲ್ಲದ ಭಾಷೆಯ ಪತ್ರ ತಂದರೆ, ಜಿಲ್ಲೆಯ ಬಳಕೆಯ ಭಾಷೆಗೆ ಮಾಡಿದ ಸರಿಯಾದ ಅನುವಾದ ಜೊತೆಗಿಲ್ಲದೆ ನೋಂದಾಯಿಸಬಾರದು ಎನ್ನುತ್ತದೆ ಅದರ 19ನೆಯ ಕಲಮು. ಅಧಿಕಾರಿಗೆ ಇಂಗ್ಲಿಷ್ ತಿಳಿಯುತ್ತದೆ, ಪತ್ರ ಪಾಸಾಗುತ್ತದೆ. ಸಹಿ ಮಾಡುವವನಿಗೆ ತಿಳಿಯಿತೇ ಎಂದು ಕೇಳುವವರಾರು? ಅದನ್ನು ನೀವೇ ಕೇಳಬೇಕು. ಬಾಡಿಗೆ ಕರಾರು ಇಂಗ್ಲಿಷಿನಲ್ಲೇ ಇರಬೇಕೆಂದು ಯಾವ ಕಾಯಿದೆಯೂ ಹೇಳಿಲ್ಲ. ಮರಾಠಿ ಮಾಲಕರು ತಮಗೊಂದು ಮರಾಠಿ ಪ್ರತಿ ಇಟ್ಟುಕೊಳ್ಳಲಿ, ನಮ್ಮ ತಕರಾರಿಲ್ಲ.

ಇನ್ನು ಆ ಬೀಗದ ವಿಷಯ. ಕಾಗದದಲ್ಲಿ ಬರೆದ ಮಾತ್ರಕ್ಕೆ ಬೀಗ ಒಡೆಯುವ ಅಧಿಕಾರ ಯಾರಿಗೂ ಬರುವುದಿಲ್ಲ. ಒಪ್ಪದ ಬಾಡಿಗೆದಾರನನ್ನು ಬಿಡಿಸಲು ಕೋರ್ಟಿಗೇ ಹೋಗಬೇಕು. ಬಲವಂತದಿಂದ ಹೊರಹಾಕಿದರೆ 1963ರ ನಿರ್ದಿಷ್ಟ ಪರಿಹಾರ ಕಾಯಿದೆಯ 6ನೆಯ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಿ ಮನೆಯ ಸ್ವಾಧೀನ ಮರಳಿ ಕೇಳಬಹುದು. ಆರು ತಿಂಗಳು ದಾಟಿದರೆ ಈ ದಾರಿ ಮುಚ್ಚಿತು!

ಹನ್ನೊಂದು ತಿಂಗಳ ಕರಾರೇ ಏಕೆ ಎಂದು ಬಹಳ ಜನ ಕೇಳುತ್ತಾರೆ. ವರ್ಷಕ್ಕೆ ಮೀರಿದ ಕರಾರನ್ನು ನೋಂದಣಿ ಮಾಡಿಸಲೇಬೇಕು, ಆ ಖರ್ಚು ಉಳಿಸುವ ಉಪಾಯ ಅದು. ಉಪಾಯ ತಪ್ಪಲ್ಲ. ಆದರೆ "ಮೂರು ವರ್ಷ ಬಿಡಿಸುವುದಿಲ್ಲ" ಎಂದು ನೋಂದಣಿಯಿಲ್ಲದ ಕಾಗದದಲ್ಲಿ ಬರೆಸಿಕೊಂಡು ನಿಶ್ಚಿಂತೆಯಿಂದ ಮಲಗಬೇಡಿ.

2001ರ ಕೊನೆಗೆ ಜಾರಿಗೆ ಬಂದ ಕರ್ನಾಟಕ ಬಾಡಿಗೆ ಕಾಯಿದೆ, 1999 ಎಲ್ಲ ಮನೆಗೂ ಅನ್ವಯಿಸದು. ಹೆಚ್ಚು ಬಾಡಿಗೆಯ ಮನೆಗಳು 1882ರ ಆಸ್ತಿ ವರ್ಗಾವಣೆ ಕಾಯಿದೆಯ ಕೆಳಗೆ ಬರುತ್ತವೆ. ಅದರ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ತಿಂಗಳ ಬಾಡಿಗೆಗೆ ಹದಿನೈದು ದಿನಗಳ ನೋಟೀಸು ಬೇಕು. ದಿನಬಳಕೆಯ ಸವಕಳಿಗೆ ಬಾಡಿಗೆದಾರ ಹೊಣೆಯಲ್ಲ. ಆದರೆ ಆ ಇಂಗ್ಲಿಷ್ ಪತ್ರದ ಮೂಲೆಯಲ್ಲಿ "ಬಿಡುವಾಗ ಬಣ್ಣದ ಖರ್ಚು ಬಾಡಿಗೆದಾರನದು" ಎಂದಿದ್ದರೆ? ಸಹಿ ಮಾಡಿದಿರಿ, ಡಿಪಾಜಿಟ್ ಕರಗಿತು.

ಭಾಲ್ಕಿಯ ಆ ಕರಾರನ್ನು ಅಂದೇ ಸಂಜೆ ಕನ್ನಡದಲ್ಲಿ ಕೂತು ಬರೆದೆವು. ಎರಡು ಕಲಮು ಹುಡುಗ ತೆಗೆಸಿದ, ಒಂದು ಮಾಲಕರು ಸೇರಿಸಿದರು: ಮಾಳಿಗೆಯ ಮೇಲೆ ರಾತ್ರಿ ಹಾಡು ಹಚ್ಚಬಾರದು. ಉಳಿದ ಇಂಗ್ಲಿಷ್ ಫಾರಂಗಳ ಕಟ್ಟು ಇನ್ನೂ ಪ್ರೆಸ್ಸಿನಲ್ಲಿದೆ, ಲಗ್ನಪತ್ರಿಕೆ ಕಟ್ಟಿಕೊಡಲು ಬಳಸುತ್ತಿದ್ದೇನೆ.