ಗುಳಿಗೆಯಲ್ಲಿ ಪಾಲು ಕೇಳುವ ಜೀವಿ

ಹೃದ್ರೋಗಿಗಳಿಗೆ ಕೊಡುವ ಡಿಗಾಕ್ಸಿನ್ ಗುಳಿಗೆಯಲ್ಲಿ ಸಾಮಾನ್ಯವಾಗಿ ಇರುವ ಔಷಧದ ತೂಕ ಕೇವಲ ಕಾಲು ಮಿಲಿಗ್ರಾಂ. ಇಷ್ಟು ಅಲ್ಪವಾದ ವಸ್ತುವು ಸೋತ ಹೃದಯಕ್ಕೆ ಬಲವನ್ನೀಯುತ್ತದೆ. ತಾಳ ತಪ್ಪಿ ಓಡುವ ನಾಡಿಯನ್ನು ನಿಧಾನಗೊಳಿಸುತ್ತದೆ. ಆದರೆ ಗುಣ ಕೊಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ನಡುವೆ ಇರುವ ಅಂತರ ಬಹು ಕಿರಿದು. ಮಿತಿ ಮೀರಿದರೆ ಓಕರಿಕೆ, ವಾಂತಿ, ಕಂಡುದೆಲ್ಲವೂ ಹಳದಿ, ಕೊನೆಗೆ ಹೃದಯದ ಗತಿಯೇ ಕೆಟ್ಟು ಪ್ರಾಣಕ್ಕೆ ಅಪಾಯ.

ಈ ಔಷಧದ ಕಥೆ ಆರಂಭವಾಗುವುದು ಫಾಕ್ಸ್‌ಗ್ಲವ್ ಎಂಬ ಯೂರೋಪಿನ ಹೂಗಿಡದಿಂದ. 1775ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್‌ಗೆ ಶ್ರಾಪ್‌ಷೈರ್ ಪ್ರಾಂತದ ಮುದುಕಿಯೊಬ್ಬಳ ಗುಟ್ಟಿನ ಮದ್ದೊಂದರ ವಿಷಯ ತಿಳಿಯಿತು. ಮೈಯಲ್ಲಿ ನೀರು ತುಂಬಿ ಊದಿಕೊಂಡವರಿಗೆ ಕೊಡುತ್ತಿದ್ದ ಆ ಮದ್ದಿನಲ್ಲಿ 20ರಷ್ಟು ಬಗೆಯ ಸೊಪ್ಪುಗಳಿದ್ದುವು. ಅವುಗಳಲ್ಲಿ ಕೆಲಸ ಮಾಡುತ್ತಿದ್ದುದು ಒಂದೇ ಎಂದು ಆತ ಕಂಡುಕೊಂಡ; ಹತ್ತು ವರ್ಷಗಳ ಅನುಭವವನ್ನು 1785ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಅದೇ ಕುಲದ ಇನ್ನೊಂದು ಗಿಡದಿಂದ 1930ರಲ್ಲಿ ಬೇರ್ಪಡಿಸಿದುದೇ ಡಿಗಾಕ್ಸಿನ್.

ಆದರೂ ಒಂದು ಒಗಟು ಉಳಿಯಿತು. ಒಂದೇ ಪ್ರಮಾಣದ ಗುಳಿಗೆ ಒಬ್ಬ ರೋಗಿಗೆ ಸಾಕಾಗುತ್ತಿತ್ತು. ಮತ್ತೊಬ್ಬನಿಗೆ ಏತಕ್ಕೂ ಸಾಲದು. ಇಂಥ ಸಂದರ್ಭದಲ್ಲಿ ರೋಗಿಯು ಗುಳಿಗೆಯನ್ನು ಸರಿಯಾಗಿ ನುಂಗಿಲ್ಲವೆಂದು ಶಂಕಿಸುವುದು ಸಹಜ. ಆದರೆ ಎಷ್ಟೋ ವೇಳೆ ಆ ಪಾಪದವನದು ತಪ್ಪಿರಲಿಲ್ಲ. ನ್ಯೂಯಾರ್ಕಿನ ಜಾನ್ ಲಿಂಡೆನ್‌ಬಾಮ್ ಮತ್ತು ಸಂಗಡಿಗರು 1981ರಲ್ಲಿ ತೋರಿಸಿದಂತೆ, ನೂರರಲ್ಲಿ ಸುಮಾರು ಹತ್ತು ರೋಗಿಗಳ ಕರುಳಿನಲ್ಲಿರುವ ಸೂಕ್ಷ್ಮಜೀವಿಗಳು ಔಷಧದ ದೊಡ್ಡ ಪಾಲನ್ನು ಶಕ್ತಿಹೀನ ವಸ್ತುವಾಗಿ ಮಾರ್ಪಡಿಸಿಬಿಡುತ್ತವೆ. ಅಂಥವರಿಗೆ ಐದು ದಿನ ಎರಿತ್ರೊಮೈಸಿನ್ ಅಥವಾ ಟೆಟ್ರಸೈಕ್ಲಿನ್ ಕೊಟ್ಟಾಗ ಆ ಜೀವಿಗಳು ಅಡಗಿದುವು. ರಕ್ತದಲ್ಲಿ ಡಿಗಾಕ್ಸಿನ್ ಎರಡರಷ್ಟಾಗುವವರೆಗೂ ಏರಿತು! ಕೆಮ್ಮಿಗೆಂದು ನುಂಗಿದ ಗುಳಿಗೆ ಹೃದಯದ ಗುಳಿಗೆಯನ್ನು ವಿಷವಾಗಿಸಬಹುದೆಂಬುದು ಇದರ ಅರ್ಥ. ಹೊಸ ಔಷಧ ಬರೆಯುವ ವೈದ್ಯರಿಗೆ ಹಳೆಯ ಔಷಧದ ಹೆಸರನ್ನು ತಪ್ಪದೆ ಹೇಳಬೇಕಾದುದು ಇದಕ್ಕಾಗಿಯೇ.

1983ರಲ್ಲಿ ಈ ಕೆಲಸ ಮಾಡುವ ಜೀವಿಯ ಗುರುತೂ ಸಿಕ್ಕಿತು. ಇಂದು ಅದರ ಹೆಸರು ಎಗ್ಗರ್ಥೆಲ್ಲಾ ಲೆಂಟಾ. ಲೆಂಟಾ ಎಂದರೆ ಲ್ಯಾಟಿನ್ನಿನಲ್ಲಿ ನಿಧಾನವಾದದ್ದು. ಡಿಗಾಕ್ಸಿನ್ ಅಣುವಿಗೆ ಎರಡು ಹೈಡ್ರೋಜನ್ ಪರಮಾಣುಗಳನ್ನು ಸೇರಿಸುವುದಷ್ಟೇ ಅದರ ಕೆಲಸ. ಅಷ್ಟಕ್ಕೇ ಔಷಧದ ಬಲವೆಲ್ಲ ಉಡುಗಿಹೋಗುತ್ತದೆ. ವಿಚಿತ್ರವೇನೆಂದರೆ ಈ ಜೀವಿ ಅನೇಕರ ಕರುಳಿನಲ್ಲಿದ್ದರೂ ಎಲ್ಲರಲ್ಲಿಯೂ ಈ ಚೇಷ್ಟೆ ಮಾಡುವುದಿಲ್ಲ. ಹೀಗೇಕೆ? ಪೀಟರ್ ಟರ್ನ್‌ಬಾ ಅವರ ತಂಡ 2013ರಲ್ಲಿ ಉತ್ತರ ಕೊಟ್ಟಿತು. ಇದಕ್ಕೆ ಬೇಕಾದ ಜೀನುಗಳು ಆ ಜೀವಿಯ ಕೆಲವು ತಳಿಗಳಲ್ಲಿ ಮಾತ್ರ ಇರುತ್ತವೆ. ಇದ್ದರೂ, ಪ್ರೋಟೀನಿನ ಅಂಶವಾದ ಅರ್ಜಿನೀನ್ ಹೇರಳವಾಗಿ ದೊರೆತಾಗ ಅವು ತಣ್ಣಗಿರುತ್ತವೆ. ಈ ಜೀವಿಯನ್ನು ಹೊಟ್ಟೆಯಲ್ಲಿಟ್ಟುಕೊಂಡ ಇಲಿಗಳಿಗೆ ಪ್ರೋಟೀನು ಹೆಚ್ಚಾದ ಆಹಾರವನ್ನು ಕೊಟ್ಟಾಗ ಅವುಗಳ ರಕ್ತದಲ್ಲಿ ಡಿಗಾಕ್ಸಿನ್ ಹೆಚ್ಚಾಯಿತು.

ಊರಿನಿಂದ ಊರಿಗೂ ಈ ಲೆಕ್ಕ ಬೇರೆ. ದಕ್ಷಿಣ ಭಾರತದವರನ್ನು ಪರೀಕ್ಷಿಸಿ 1989ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಡಿಗಾಕ್ಸಿನ್ನನ್ನು ಹೀಗೆ ಕೆಡಿಸುವ ಕರುಳು ಅಮೆರಿಕನರಲ್ಲಿರುವುದಕ್ಕಿಂತ ವಿರಳವೆಂದು ಕಂಡುಬಂದಿತು. ಇಲ್ಲಿಯೂ ಹಳ್ಳಿಯವರಿಗಿಂತ ಪಟ್ಟಣಿಗರಲ್ಲಿ ಹೆಚ್ಚು.

ಹಾಗೆಂದು ಮನೆಯ ಹಿರಿಯರಿಗೆ ಬೇಳೆಯನ್ನು ಹೆಚ್ಚಿಸಿ ಗುಳಿಗೆಯನ್ನು ಕಡಿಮೆ ಮಾಡಲು ಯಾರೂ ಹೊರಡಬಾರದು. ಇಲಿಗೆ ಒಗ್ಗಿದ ಪಥ್ಯ ಮನುಷ್ಯನ ಪಥ್ಯವೆಂದು ಇನ್ನೂ ಸಿದ್ಧವಾಗಿಲ್ಲ. ರಕ್ತದಲ್ಲಿರುವ ಡಿಗಾಕ್ಸಿನ್ನನ್ನು ಅಳೆಯುವ ಪರೀಕ್ಷೆಯುಂಟು. ಸಂಶಯ ಬಂದಾಗ ವೈದ್ಯರು ಅದನ್ನು ಮಾಡಿಸಿಯೇ ಪ್ರಮಾಣವನ್ನು ನಿರ್ಧರಿಸುತ್ತಾರೆ.