ಸಹಕಾರಕ್ಕೆ ಸಂಬಳವಿಲ್ಲವೆ?

ಹೆಂಗಸರು ಹೊಂದಿಕೊಂಡು ದುಡಿಯುತ್ತಾರೆ, ಗಂಡಸರು ಪೈಪೋಟಿಯಿಂದ ಮೇಲೇರುತ್ತಾರೆ ಎಂಬ ಮಾತನ್ನು ಕಚೇರಿಗಳಲ್ಲಿಯೂ ನಮ್ಮ ಸಂಘದ ಸಭೆಗಳಲ್ಲಿಯೂ ಕೇಳುತ್ತಲೇ ಇದ್ದೇವೆ. ಹೊಗಳಿಕೆಯಂತೆ ತೋರುವ ಈ ಮಾತಿನಲ್ಲಿ ಒಂದು ಲೆಕ್ಕಾಚಾರ ಅಡಗಿದೆ. ಸಹಕಾರವು ಹೆಣ್ಣಿನ ಸ್ವಭಾವವೇ ಆದಲ್ಲಿ, ಸ್ವಭಾವಕ್ಕೆ ಯಾರೂ ಸಂಬಳ ಕೊಡಬೇಕಾಗಿಲ್ಲವಷ್ಟೆ!

ನಾವು ನೆಲೆಸಿರುವ ಈ ಮುಂಬಯಿಯ ಗಿರಗಾಂವದಲ್ಲಿ 1959ರ ಮಾರ್ಚ್ 15ರಂದು ಏಳು ಮಂದಿ ಗೃಹಿಣಿಯರು 80 ರೂಪಾಯಿ ಸಾಲ ಪಡೆದು ಹಪ್ಪಳ ಲಟ್ಟಿಸಲು ಕುಳಿತರು. ಅದೇ ಮುಂದೆ ಲಿಜ್ಜತ್ ಆಯಿತು. ಅಲ್ಲಿ ದುಡಿಯುವ ಸೋದರಿಯರೇ ಒಡತಿಯರು. ಲಾಭನಷ್ಟಗಳೆರಡರಲ್ಲಿಯೂ ಅವರಿಗೆ ಪಾಲುಂಟು. ಗಂಡಸರು ಸಂಬಳಕ್ಕೆ ಕೆಲಸ ಮಾಡಬಹುದು, ಸದಸ್ಯರಾಗುವಂತಿಲ್ಲ. ಆ ಸಂಸ್ಥೆಯನ್ನು ಉಳಿಸಿದ್ದು ಹೊಂದಾಣಿಕೆಯ ಗುಣವೊಂದೇ ಅಲ್ಲ, ಗಳಿಕೆ ಯಾರದೆಂಬುದನ್ನು ಹೇಳುವ ನಿಯಮ.

ಇದೇ ನಗರದ ಮೆಕಿನನ್ ಮೆಕೆಂಜಿ ಕಂಪನಿಯಲ್ಲಿ ಶೀಘ್ರಲಿಪಿಗಾರ್ತಿಯಾಗಿದ್ದ ಆಡ್ರಿ ಡಿಕೋಸ್ಟಾ ಅವರ ಕಥೆ ಬೇರೆ. ಅದೇ ಬಗೆಯ ಕೆಲಸ ಮಾಡುತ್ತಿದ್ದ ಗಂಡಸರಿಗೆ ಹೆಚ್ಚು ಸಂಬಳ ಸಿಗುತ್ತಿದ್ದುದನ್ನು ಅವರು 1976ರ ಸಮಾನ ವೇತನ ಕಾಯ್ದೆಯನ್ವಯ ಪ್ರಶ್ನಿಸಿದರು. ನೌಕರರ ಸಂಘದೊಡನೆ 1975ರಲ್ಲಿ ಆದ ಒಪ್ಪಂದದಂತೆಯೇ ವೇತನ ಕೊಡುತ್ತಿದ್ದೇವೆ ಎಂಬುದು ಕಂಪನಿಯ ಸಮರ್ಥನೆಗಳಲ್ಲೊಂದು. ಇಲ್ಲಿ ಓದುಗರು ಕ್ಷಣಕಾಲ ನಿಲ್ಲಬೇಕು. ಆ ತಾರತಮ್ಯಕ್ಕೆ ರುಜು ಹಾಕಿದವರಲ್ಲಿ ಕಾರ್ಮಿಕ ಐಕ್ಯದ ಹೆಸರು ಹೇಳುವವರೂ ಇದ್ದರು. ಒಪ್ಪಂದವಾಗಲಿ, ಕಂಪನಿಯ ಹಣದ ಅಡಚಣೆಯಾಗಲಿ ನೆಪವಾಗದೆಂದು ಸರ್ವೋಚ್ಚ ನ್ಯಾಯಾಲಯ ಹೇಳಿದ್ದು 1987ರಲ್ಲಿ; ಅಷ್ಟರಲ್ಲಿ ಆಕೆ ಕೆಲಸ ಕಳೆದುಕೊಂಡು ಹತ್ತು ವರ್ಷಗಳಾಗುತ್ತ ಬಂದಿದ್ದವು.

ಇನ್ನು ನಮ್ಮ ಮನೆಯ ಮಾತು. ಸಂಘದ ರಾಜ್ಯೋತ್ಸವದ ಲೆಕ್ಕಪತ್ರವನ್ನು ಈಚೆಗೆ ತಿರುವಿಹಾಕಿದೆವು. ಚಪ್ಪರದವರಿಗೂ ಧ್ವನಿವರ್ಧಕದವರಿಗೂ ಹಣ ಸಂದಿದೆ. ಎರಡು ದಿನ ಅಡುಗೆಮನೆಯಲ್ಲಿ ಬೆವರಿದ, ಮಕ್ಕಳ ನಾಟಕಕ್ಕೆ ತಿಂಗಳುಗಟ್ಟಲೆ ತಾಲೀಮು ಕೊಟ್ಟ ಮಹಿಳಾ ವಿಭಾಗಕ್ಕೆ ಸಂದದ್ದು ವರದಿಯ ಕೊನೆಯಲ್ಲಿ ಕೃತಜ್ಞತೆಯ ಒಂದು ಸಾಲು. ಪುರುಷ ಸದಸ್ಯರೂ ಪುಕ್ಕಟೆಯಾಗಿಯೇ ದುಡಿಯುತ್ತಾರೆ, ನಿಜ. ಆದರೆ ಅವರ ದುಡಿಮೆಗೆ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಎಂಬ ಹೆಸರುಗಳಿವೆ, ವೇದಿಕೆಯ ಮೇಲೆ ಕುರ್ಚಿಗಳಿವೆ. (ಈ ಸಂಪಾದಕೀಯ ಬರೆಯುತ್ತಿರುವ ಕುರ್ಚಿಯೂ ಅವುಗಳಲ್ಲೊಂದು.)

ನಾಟಕದ ತಾಲೀಮಿಗೆ ಗೌರವಧನವನ್ನು ಬರುವ ಆಯವ್ಯಯದಲ್ಲಿಯೇ ಸೇರಿಸಬೇಕು; ಖಜಾಂಚಿ ಸ್ಥಾನಕ್ಕೆ ಮಹಿಳಾ ವಿಭಾಗದಿಂದ ಹೆಸರು ಸೂಚಿಸಬೇಕು. ಇವೆರಡನ್ನೂ ವಾರ್ಷಿಕ ಮಹಾಸಭೆಯ ಕಾರ್ಯಸೂಚಿಗೆ ಕಳುಹಿಸಿದ್ದೇವೆ. ಒಪ್ಪದವರು ಸಭೆಗೆ ಬಂದು ಕಾರಣ ಹೇಳಲಿ.